ಕಸಿಗೆ ಹೊಲಿಗೆಯೇ, ಅಂಟೇ, ಸ್ವಂತ ರಕ್ತವೇ? ಕಣ್ಣಿನ ದುರ್ಮಾಂಸದ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪತ್ರಗಳಲ್ಲಿ ಕಣ್ಣಿನ ದುರ್ಮಾಂಸಕ್ಕೆ, ಅಂದರೆ ವೈದ್ಯರು ಟೆರಿಜಿಯಂ ಎಂದು ಬರೆದುಕೊಡುವ ತೊಂದರೆಗೆ ಸಂಬಂಧಿಸಿದವೇ ಹೆಚ್ಚಾಗಿದ್ದವು. ಬಹುಪಾಲು ಓದುಗರು ಅದರ ಶಸ್ತ್ರಚಿಕಿತ್ಸೆಯಲ್ಲಿ ಹಾಕುವ ಕಸಿಯ ಬಗ್ಗೆಯೇ ಕೇಳಿರುವುದರಿಂದ ಈ ಸಲದ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಡಾಕ್ಟರೇ, ನನಗೆ 46 ವರ್ಷ. ಸಿಂಧನೂರು ತಾಲ್ಲೂಕಿನಲ್ಲಿ ಭತ್ತ ಬೆಳೆಯುತ್ತೇನೆ. ಬಲಗಣ್ಣಿನಲ್ಲಿ ಮೂಗಿನ ಕಡೆಯಿಂದ ಮಾಂಸ ಬೆಳೆದು ಕಪ್ಪುಗುಡ್ಡೆಯ ಮೇಲೆ ಬಂದಿದೆ. ತೆಗೆಸಬೇಕೆಂದು ಮೂವರು ವೈದ್ಯರೂ ಹೇಳಿದ್ದಾರೆ. ಆದರೆ ಒಬ್ಬರು ಕಸಿಗೆ ಹೊಲಿಗೆ ಹಾಕುತ್ತೇವೆ ಎಂದರು, ಇನ್ನೊಬ್ಬರು ಗ್ಲೂ ಹಾಕಿದರೆ ನೋವು ಕಡಿಮೆ, ಖರ್ಚು ಹೆಚ್ಚು ಎಂದರು, ಮತ್ತೊಬ್ಬರು ಎರಡೂ ಬೇಡ, ನಿಮ್ಮ ರಕ್ತದಿಂದಲೇ ಅಂಟಿಸುತ್ತೇವೆ ಎಂದರು. ಯಾರ ಮಾತು ಕೇಳಬೇಕು?

ಉತ್ತರ: ಮೂವರೂ ಹೇಳಿದ್ದು ನಿಜ. ಮೂರೂ ಇಂದು ಬಳಕೆಯಲ್ಲಿರುವ ವಿಧಾನಗಳೇ. ಮಾಂಸವನ್ನು ತೆಗೆಯುವ ಕೆಲಸ ಮೂರರಲ್ಲಿಯೂ ಹೆಚ್ಚುಕಡಿಮೆ ಒಂದೇ. ತೆಗೆದ ಜಾಗದ ಮೇಲೆ ಹಾಸುವ ಕಸಿಯನ್ನು ಅಲ್ಲಿ ನಿಲ್ಲಿಸುವುದು ಹೇಗೆ ಎಂಬಲ್ಲಿ ಮಾತ್ರ ಅವು ಬೇರೆಯಾಗುತ್ತವೆ.

ಕಸಿ ಏಕೆ ಬೇಕು ಎಂಬುದನ್ನು ಮೊದಲು ಹೇಳಬೇಕು. ಕಣ್ಣಿನ ದುರ್ಮಾಂಸವನ್ನು ಕತ್ತರಿಸಿ ತೆಗೆಯುವುದು ಹೊಸದೇನಲ್ಲ. ಸುಶ್ರುತ ಸಂಹಿತೆ ಇದನ್ನು ಅರ್ಮ ಎಂದು ಕರೆದು, ಅದರ ಐದು ಬಗೆಗಳನ್ನೂ, ಕೊಕ್ಕೆಯಿಂದ ಎತ್ತಿ ಕತ್ತರಿಸುವ ಕ್ರಮವನ್ನೂ ವಿವರಿಸುತ್ತದೆ. ಕಳೆದ ಶತಮಾನದಲ್ಲಿಯೂ ಬಹಳ ಕಾಲ ಮಾಂಸವನ್ನು ತೆಗೆದು, ಅದರಡಿಯ ಬಿಳಿಗುಡ್ಡೆಯನ್ನು ಹಾಗೆಯೇ ಬರಿದಾಗಿ ಬಿಡುವ ರೂಢಿಯಿತ್ತು. ಹಾಗೆ ಬಿಟ್ಟ ಕಣ್ಣುಗಳಲ್ಲಿ ಮಾಂಸ ಮತ್ತೆ ಬೆಳೆಯುತ್ತಿದ್ದ ಪ್ರಮಾಣ ಕೆಲವು ವರದಿಗಳಲ್ಲಿ ಕಾಲು ಭಾಗದಷ್ಟು, ಇನ್ನು ಕೆಲವು ವರದಿಗಳಲ್ಲಿ ಮುಕ್ಕಾಲಿಗೂ ಮೀರಿದ್ದು. ಮತ್ತೆ ಬೆಳೆದದ್ದು ಮೊದಲಿನದಕ್ಕಿಂತ ಕೆಂಪಾಗಿ, ದಪ್ಪವಾಗಿ, ಬೇಗನೆ ಬೆಳೆಯುವುದು ಅದರ ಸ್ವಭಾವ. 1985ರಲ್ಲಿ ಅಮೆರಿಕದ ಕೆನ್ಯನ್ ಮತ್ತು ಅವರ ಸಂಗಡಿಗರು ಅದೇ ಕಣ್ಣಿನ ಮೇಲ್ಭಾಗದಿಂದ, ಮೇಲುರೆಪ್ಪೆಯ ಮರೆಯಲ್ಲಿ ಬಿಸಿಲು ತಾಗದೆ ಆರೋಗ್ಯವಾಗಿ ಉಳಿದಿರುವ ಕಂಜಂಕ್ಟೈವಾ ಎಂಬ ತೆಳು ಪದರದ ತುಂಡನ್ನು ತೆಗೆದು, ಬರಿದಾದ ಜಾಗಕ್ಕೆ ಹೊಲಿದ 57 ಕಣ್ಣುಗಳ ಫಲಿತಾಂಶವನ್ನು ಪ್ರಕಟಿಸಿದರು. ಅವುಗಳಲ್ಲಿ ಮಾಂಸ ಮರುಕಳಿಸಿದ್ದು ಮೂರರಲ್ಲಿ ಮಾತ್ರ. ಅಲ್ಲಿಂದೀಚೆಗೆ ಸ್ವಂತ ಕಣ್ಣಿನ ಕಸಿಯೇ ಈ ಶಸ್ತ್ರಚಿಕಿತ್ಸೆಯ ಮುಖ್ಯ ಭಾಗವಾಗಿದೆ.

ಕಸಿ ಬದುಕುವ ರೀತಿ ಭತ್ತ ನಾಟಿ ಮಾಡುವ ನಿಮಗೆ ಬೇಗ ಅರ್ಥವಾಗುತ್ತದೆ. ಕಿತ್ತು ತಂದ ಸಸಿಗೆ ಬೇರು ಬಿಡುವವರೆಗೆ ಮಣ್ಣಿನ ಹತ್ತಿರದ ಸಂಪರ್ಕವೂ ಅಲುಗಾಡದ ಸ್ಥಿತಿಯೂ ಬೇಕಲ್ಲವೇ, ಈ ಪದರಕ್ಕೂ ಹಾಗೆಯೇ. ಮೊದಲ ಕೆಲವು ದಿನ ಅದಕ್ಕೆ ತನ್ನದೆಂಬ ರಕ್ತನಾಳಗಳಿರುವುದಿಲ್ಲ, ಅಡಿಯ ಹಾಸಿನಿಂದ ಒಸರುವ ದ್ರವದಿಂದಲೇ ಅದು ಜೀವ ಹಿಡಿಯುತ್ತದೆ. ಸುಮಾರು ಒಂದು ವಾರದೊಳಗೆ ಅಡಿಯ ಮತ್ತು ಅಂಚಿನ ಸೂಕ್ಷ್ಮ ರಕ್ತನಾಳಗಳು ಅದರೊಳಗೆ ಕೂಡಿಕೊಳ್ಳುತ್ತವೆ. ಹೊಲಿಗೆ, ಅಂಟು, ರಕ್ತ ಇವುಗಳಿಂದ ಆಗಬೇಕಾದ ಕೆಲಸ ಆ ಒಂದು ವಾರ ಕಸಿಯನ್ನು ಕದಲದಂತೆ ಹಿಡಿಯುವುದಷ್ಟೇ.

ಹೊಲಿಗೆ ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು, ಎಲ್ಲಕ್ಕಿಂತ ಗಟ್ಟಿಯಾದದ್ದೂ ಹೌದು. ಸಾಮಾನ್ಯವಾಗಿ ವಿಕ್ರಿಲ್ ಎಂಬ, ಕೆಲವು ವಾರಗಳಲ್ಲಿ ತಾನಾಗಿ ಕರಗುವ 8-0 ಅಳತೆಯ (ಮೊದಲ ಅಂಕಿ ಹೆಚ್ಚಿದಷ್ಟೂ ದಾರ ತೆಳು) ದಾರವನ್ನೋ, ಆಮೇಲೆ ಬಿಚ್ಚಬೇಕಾಗುವ ಕೂದಲಿಗಿಂತ ತೆಳುವಾದ 10-0 ನೈಲಾನ್ ದಾರವನ್ನೋ ಬಳಸುತ್ತಾರೆ. ರೋಗಿ ನಿದ್ದೆಯಲ್ಲಿ ಕಣ್ಣು ಉಜ್ಜಿದರೂ ಹೊಲಿದ ಕಸಿ ಸುಲಭವಾಗಿ ಜಾರುವುದಿಲ್ಲ. ಆದರೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಗಂಟು ಹಾಕಬೇಕಾದ್ದರಿಂದ ಸಮಯ ಹೆಚ್ಚು ಹಿಡಿಯುತ್ತದೆ. ಆಮೇಲೆ ಎರಡು ಮೂರು ವಾರ ರೆಪ್ಪೆ ಮಿಟುಕಿಸಿದಾಗಲೆಲ್ಲ ಮರಳು ಬಿದ್ದಂತೆ ಚುಚ್ಚುವುದು, ನೀರು ಸುರಿಯುವುದು ಈ ವಿಧಾನದಲ್ಲಿ ಸಾಮಾನ್ಯ. ದಾರ ಹೊರಗಿನ ವಸ್ತುವಾದ್ದರಿಂದ ಅದರ ಸುತ್ತ ಉರಿಯೂತವಾಗುತ್ತದೆ, ಕೆಲವೊಮ್ಮೆ ಕೆಂಪು ಗಂಟು ಏಳುತ್ತದೆ.

ನಿಮಗೆ ಗ್ಲೂ ಎಂದು ಹೇಳಿದ್ದು ಫೈಬ್ರಿನ್ ಅಂಟು. ಇದು ಪೆಟ್ಟಿಗೆ ಅಂಗಡಿಯಲ್ಲಿ ಸಿಗುವ ರಾಸಾಯನಿಕ ಅಂಟಲ್ಲ. ಗಾಯವಾದಾಗ ರಕ್ತ ಹೆಪ್ಪುಗಟ್ಟುವ ಕೊನೆಯ ಹಂತವನ್ನೇ ಎರಡು ಸಿರಿಂಜುಗಳಲ್ಲಿ ಬೇರ್ಪಡಿಸಿ ಇಟ್ಟಂತಿದೆ ಇದರ ತಯಾರಿ. ಒಂದರಲ್ಲಿ ಫೈಬ್ರಿನೋಜನ್, ಇನ್ನೊಂದರಲ್ಲಿ ಥ್ರೋಂಬಿನ್ ಮತ್ತು ಕ್ಯಾಲ್ಸಿಯಂ ಇರುತ್ತವೆ. ಎರಡೂ ಕಸಿಯ ಅಡಿಯಲ್ಲಿ ಸೇರಿದ ಕೂಡಲೇ ಫೈಬ್ರಿನ್ ಎಂಬ ನಾರಿನ ಬಲೆ ಹೆಣೆದುಕೊಂಡು ಕಸಿ ಹಿಡಿದುಕೊಳ್ಳುತ್ತದೆ. ಎರಡು ವಾರಗಳ ಆಸುಪಾಸಿನಲ್ಲಿ ದೇಹ ಅದನ್ನು ಕರಗಿಸಿಬಿಡುತ್ತದೆ, ಅಷ್ಟರಲ್ಲಿ ಕಸಿ ತನ್ನ ಕಾಲ ಮೇಲೆ ನಿಂತಿರುತ್ತದೆ. ಸ್ಟಾಕ್‌ಹೋಮಿನ ಕೋರಾನಿ ಮತ್ತು ಸಂಗಡಿಗರು 2004ರಲ್ಲಿ ಇದನ್ನು ಹೊಲಿಗೆಯೊಡನೆ ಹೋಲಿಸಿ ನೋಡಿದಾಗ, ಅಂಟು ಬಳಸಿದ ಶಸ್ತ್ರಚಿಕಿತ್ಸೆಗೆ ಸರಾಸರಿ ಸುಮಾರು 10 ನಿಮಿಷ, ಹೊಲಿಗೆಯದಕ್ಕೆ ಸುಮಾರು 18 ನಿಮಿಷ ಹಿಡಿದಿತ್ತು. ನೋವೂ ಅಂಟಿನವರಲ್ಲಿ ಎದ್ದುಕಾಣುವಷ್ಟು ಕಡಿಮೆಯಿತ್ತು. ಇದರ ಕೊರತೆಯೆಂದರೆ ಬೆಲೆ, ತಂಪಿನಲ್ಲಿ ಕಾಪಾಡಬೇಕಾದ ಕಟ್ಟುಪಾಡು, ಮತ್ತು ಮೊದಲ ದಿನಗಳಲ್ಲಿ ಕಸಿ ಜಾರುವ ಅಥವಾ ಅಂಚಿನಲ್ಲಿ ಮಡಚಿಕೊಳ್ಳುವ ಸಾಧ್ಯತೆ.

ಮೂರನೆಯದು ನಿಮ್ಮದೇ ರಕ್ತ. ಮಾಂಸ ತೆಗೆದ ಜಾಗದಲ್ಲಿ ಸಣ್ಣ ಪ್ರಮಾಣದಲ್ಲಿ ಒಸರುವ ರಕ್ತವನ್ನು ಪೂರ್ತಿಯಾಗಿ ಸುಟ್ಟು ನಿಲ್ಲಿಸದೆ, ಅದರ ಮೇಲೆಯೇ ಕಸಿಯನ್ನು ಹಾಸಿ, ಅಂಚುಗಳನ್ನು ಹೊಂದಿಸಿ, ಎಂಟು ಹತ್ತು ನಿಮಿಷ ಮೆದುವಾಗಿ ಒತ್ತಿ ಹಿಡಿಯುತ್ತಾರೆ. ರಕ್ತ ಸಾಲದಿದ್ದರೆ ತೋಳಿನ ನಾಳದಿಂದ ಒಂದೆರಡು ಹನಿ ತೆಗೆದು ಹಾಕುವವರೂ ಇದ್ದಾರೆ. 2010ರಲ್ಲಿ ಡಿ ವಿಟ್ ಮತ್ತು ಸಂಗಡಿಗರು 12 ರೋಗಿಗಳ 15 ಕಣ್ಣುಗಳಲ್ಲಿ ಇದನ್ನು ಮಾಡಿ ಬರೆದ ಮೇಲೆ ನಮ್ಮ ದೇಶದಲ್ಲಿಯೂ ಈ ವಿಧಾನ ಹರಡಿತು; ಅಂಟಿನ ಖರ್ಚು ಉಳಿಯುವುದೇ ಅದಕ್ಕೆ ದೊಡ್ಡ ಕಾರಣ. ರಸಾಯನದ ದೃಷ್ಟಿಯಿಂದ ಅಂಟು ಮತ್ತು ರಕ್ತ ಒಂದೇ ಕೆಲಸ ಮಾಡುತ್ತವೆ. ವ್ಯತ್ಯಾಸವಿರುವುದು ಬಲದಲ್ಲಿ: ಮಾರಾಟದ ಅಂಟಿನಲ್ಲಿ ಫೈಬ್ರಿನೋಜನ್ ನಮ್ಮ ರಕ್ತದ್ರವದಲ್ಲಿ ಇರುವುದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸಾಂದ್ರವಾಗಿರುತ್ತದೆ. ಆದ್ದರಿಂದಲೇ ರಕ್ತದಿಂದ ಅಂಟಿಸಿದ ಕಸಿ ಮೊದಲ ಒಂದೆರಡು ದಿನ ಉಳಿದೆರಡು ವಿಧಾನಗಳಿಗಿಂತ ಹೆಚ್ಚು ನಾಜೂಕಾಗಿರುತ್ತದೆ.

ಇನ್ನು ಎಲ್ಲರೂ ಕೇಳುವ ಪ್ರಶ್ನೆ, ಯಾವುದರಲ್ಲಿ ಮಾಂಸ ಮತ್ತೆ ಬೆಳೆಯುವುದು ಕಡಿಮೆ ಎಂಬುದು. ಚಿಕಿತ್ಸೆಗಳ ಪುರಾವೆಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆ 2016ರಲ್ಲಿ ಅಂಟು ಮತ್ತು ಹೊಲಿಗೆಯನ್ನು ಹೋಲಿಸಿದ 14 ಪ್ರಯೋಗಗಳನ್ನು ಪರಿಶೀಲಿಸಿತು. ಅವುಗಳಲ್ಲಿ ಭಾರತದಲ್ಲಿ ನಡೆದವೂ ಇದ್ದವು. ಹೊಲಿಗೆ ಹಾಕಿಸಿಕೊಂಡ ನೂರು ಜನರಲ್ಲಿ ಹತ್ತು ಮಂದಿಗೆ ಮರುಕಳಿಸಿದರೆ, ಅಂಟು ಹಾಕಿಸಿಕೊಂಡ ನೂರರಲ್ಲಿ ಸುಮಾರು ಐದು ಮಂದಿಗೆ ಮರುಕಳಿಸುತ್ತದೆ ಎಂಬುದು ಅದರ ಲೆಕ್ಕ. ಇದನ್ನು ಹೇಳುವವರು ಅದೇ ವರದಿಯ ಇನ್ನೊಂದು ಮಾತನ್ನು ಹೇಳುವುದನ್ನು ಮರೆಯುತ್ತಾರೆ: ಕಸಿ ಬಿಟ್ಟುಕೊಳ್ಳುವುದು, ಕುಗ್ಗುವುದು, ಗಂಟು ಏಳುವುದು ಮೊದಲಾದ ಸಣ್ಣಪುಟ್ಟ ತೊಡಕುಗಳು ಅಂಟಿನಲ್ಲಿಯೇ ಹೆಚ್ಚು, ಸುಮಾರು ಎರಡು ಪಟ್ಟಿನ ಹತ್ತಿರ. ಸ್ವಂತ ರಕ್ತದ ವಿಧಾನವನ್ನು ಅಂಟಿಗೆ ಹೋಲಿಸಿದ ಅಧ್ಯಯನಗಳಲ್ಲಿ ಮರುಕಳಿಕೆಯ ಪ್ರಮಾಣ ದೊಡ್ಡದಾಗಿ ಬೇರೆಯಾಗಿ ಕಂಡಿಲ್ಲ, ಕಸಿ ಜಾರುವುದು ಮಾತ್ರ ರಕ್ತದಲ್ಲಿ ಹೆಚ್ಚು.

ಹಾಗಾದರೆ ಹೊಲಿಗೆ ಕೀಳೇ? ಆಸ್ಟ್ರೇಲಿಯಾದ ಬ್ರಿಸ್ಬೇನಿನಲ್ಲಿ ಲಾರೆನ್ಸ್ ಹರ್ಸ್ಟ್ ಎಂಬ ಶಸ್ತ್ರವೈದ್ಯರು ಮಾಂಸದ ಜೊತೆಗೆ ಅದರಡಿಯ ಟೆನನ್ ಎಂಬ ನಾರಿನ ಪದರವನ್ನೂ ವಿಶಾಲವಾಗಿ ತೆಗೆದು, ಬಹಳ ದೊಡ್ಡ ಕಸಿಯನ್ನು ಹೊಲಿಗೆಯಿಂದಲೇ ಕೂರಿಸುವ ವಿಧಾನವನ್ನು ರೂಪಿಸಿದರು. 2012ರಲ್ಲಿ ಅವರು ವರದಿ ಮಾಡಿದ ಒಂದು ಸಾವಿರ ಶಸ್ತ್ರಚಿಕಿತ್ಸೆಗಳಲ್ಲಿ ಮರುಕಳಿಸಿದ್ದು ಒಂದೇ ಒಂದು. ಒಬ್ಬರೇ ನಿಪುಣರ ಕೈಯ ಫಲವನ್ನು ಎಲ್ಲರ ಕೈಗೂ ಅನ್ವಯಿಸಲಾಗದು, ನಿಜ. ಆದರೂ ಆ ಅಂಕಿ ನನಗೆ ಹೇಳುವುದು ಇಷ್ಟು: ಕಸಿಯನ್ನು ಯಾವುದರಿಂದ ಅಂಟಿಸಿದರು ಎಂಬುದಕ್ಕಿಂತ ಅಡಿಯ ನಾರನ್ನು ಎಷ್ಟು ಶುದ್ಧವಾಗಿ ತೆಗೆದರು, ಕಸಿಯನ್ನು ಟೆನನ್ ಅಂಟಿಕೊಂಡಿರದಂತೆ ಎಷ್ಟು ತೆಳುವಾಗಿ ಬಿಡಿಸಿದರು, ಬರಿದಾದ ಜಾಗಕ್ಕಿಂತ ಅದನ್ನು ತುಸು ದೊಡ್ಡದಾಗಿಯೇ ಕತ್ತರಿಸಿದರೇ, ಕಪ್ಪುಗುಡ್ಡೆಯ ಕಡೆಯ ಅಂಚನ್ನು ಕಪ್ಪುಗುಡ್ಡೆಯ ಕಡೆಗೇ ಇಟ್ಟರೇ ಎಂಬುವೇ ಹೆಚ್ಚು ತೂಕದ ಸಂಗತಿಗಳು. ದಪ್ಪಗೆ ಬಿಡಿಸಿದ ಕಸಿ ಅಂಟಿನಿಂದಲೂ ಕುಗ್ಗುತ್ತದೆ. ತೆಳುವಾಗಿ ಬಿಡಿಸಿದ್ದು ರಕ್ತದ ತೆಳು ಹಾಸಿನ ಮೇಲೂ ಹೊಂದಿಕೊಂಡು ಕೂರುತ್ತದೆ.

ನಿಮ್ಮ ವಿಷಯಕ್ಕೆ ಬರುತ್ತೇನೆ. ಮೂವರು ವೈದ್ಯರಲ್ಲಿ ಒಬ್ಬರನ್ನು ಆರಿಸುವಾಗ ಮೊದಲು ಕೇಳಬೇಕಾದದ್ದು, ನನ್ನ ಸ್ವಂತ ಕಣ್ಣಿನ ಕಸಿ ಹಾಕುತ್ತೀರಾ ಎಂದು. ಅನಂತರ, ನೀವು ದಿನನಿತ್ಯ ಮಾಡುವ ವಿಧಾನ ಯಾವುದು ಎಂದು. ಪಳಗಿದ ಕೈಯವರು ಹೇಳಿದ ವಿಧಾನಕ್ಕೆ ಒಪ್ಪಿಕೊಳ್ಳಿ. ಹಣಕ್ಕೆ ಅಡಚಣೆಯಿಲ್ಲದಿದ್ದರೆ ಅಂಟು ಒಳ್ಳೆಯ ಆಯ್ಕೆ, ಆದರೆ ಅದಕ್ಕೋಸ್ಕರ ಸಾಲ ಮಾಡುವ ಅಗತ್ಯ ಖಂಡಿತ ಇಲ್ಲ. ಆಯುಷ್ಮಾನ್ ಕಾರ್ಡ್ ಇದ್ದರೆ ಯಾವ ಖರ್ಚು ಯೋಜನೆಯಲ್ಲಿ ಬರುತ್ತದೆ, ಯಾವುದು ಬರುವುದಿಲ್ಲ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ವಿಚಾರಿಸಿ. ಶಸ್ತ್ರಚಿಕಿತ್ಸೆಯ ದಿನವನ್ನು ನಾಟಿ, ಕಟಾವಿನ ಹಂಗಾಮು ಬಿಟ್ಟು ಗೊತ್ತುಮಾಡಿಕೊಳ್ಳಿ. ಮಾರನೆಯ ದಿನವೂ ಮೊದಲ ವಾರದ ಕೊನೆಗೂ ತಪ್ಪದೆ ತೋರಿಸಲು ಆಗುವುದಿಲ್ಲ, ಮನೆಗೆ ಹೋದ ಕೂಡಲೇ ಗದ್ದೆಗಿಳಿಯಬೇಕು ಎನ್ನುವ ಪರಿಸ್ಥಿತಿಯಿದ್ದರೆ, ಚುಚ್ಚುವುದನ್ನು ಸಹಿಸಿಕೊಂಡು ಹೊಲಿಗೆ ಹಾಕಿಸಿಕೊಳ್ಳುವುದೇ ಮೇಲು.

ಪ್ರಶ್ನೆ: ಮಾನ್ಯರೇ, ನಾನು ಉಡುಪಿಯ ನಿವೃತ್ತ ಶಿಕ್ಷಕ. ಕಣ್ಣಿಗೆ ಹಾಕುವ ಅಂಟನ್ನು ಬೇರೆಯವರ ರಕ್ತದಿಂದ ತಯಾರಿಸುತ್ತಾರೆ, ಅದರಲ್ಲಿ ಹಸುವಿನ ಅಂಶವೂ ಇರುತ್ತದೆ ಎಂದು ತಿಳಿಯಿತು. ಸೋಂಕಿನ ಭಯವೂ ಇದೆ, ಮನಸ್ಸಿಗೆ ಒಗ್ಗದ ಮಾತೂ ಹೌದು.

ಉತ್ತರ: ತಾವು ತಿಳಿದದ್ದು ಸರಿಯಾಗಿದೆ. ಇದನ್ನು ರೋಗಿಗೆ ಮೊದಲೇ ಹೇಳಬೇಕಾದದ್ದು ವೈದ್ಯರ ಕರ್ತವ್ಯ. ಫೈಬ್ರಿನ್ ಅಂಟಿನ ಮುಖ್ಯ ಘಟಕಗಳನ್ನು ದಾನಿಗಳ ರಕ್ತದ್ರವದಿಂದ ತೆಗೆಯುತ್ತಾರೆ. ದಾನಿಗಳನ್ನು ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ ಸೋಂಕುಗಳಿಗಾಗಿ ಪರೀಕ್ಷಿಸುತ್ತಾರೆ. ತಯಾರಿಕೆಯ ಹಂತದಲ್ಲಿ ಶಾಖ ಮೊದಲಾದ ಕ್ರಮಗಳಿಂದ ವೈರಾಣುಗಳನ್ನು ನಿಷ್ಕ್ರಿಯಗೊಳಿಸುತ್ತಾರೆ. ಹೀಗಿದ್ದೂ ಕೆಲವು ಗಟ್ಟಿ ವೈರಾಣುಗಳ ವಿಷಯದಲ್ಲಿ ಅಪಾಯ ಸೊನ್ನೆ ಎಂದು ಯಾವ ತಯಾರಕರೂ ಬರೆದುಕೊಡುವುದಿಲ್ಲ. ಹಸುವಿನ ಅಂಶವೆಂದು ತಾವು ಕೇಳಿದ್ದು ಅಪ್ರೊಟಿನಿನ್ ಎಂಬ ಪದಾರ್ಥ. ಹೆಪ್ಪು ಬೇಗನೆ ಕರಗಿಹೋಗದಿರಲೆಂದು ಕೆಲವು ಅಂಟುಗಳಿಗೆ ಅದನ್ನು ಸೇರಿಸುತ್ತಾರೆ, ಎಲ್ಲದಕ್ಕೂ ಅಲ್ಲ. ಅಪ್ರೊಟಿನಿನ್‌ಗೆ ಅಲರ್ಜಿ ಇರುವವರಲ್ಲಿ ಅಂಥ ಅಂಟನ್ನು ಬಳಸಲೇಬಾರದು. ಆದ್ದರಿಂದ ಪ್ಯಾಕಿನ ಮೇಲಿನ ವಿವರವನ್ನು ತೋರಿಸಿ ಎಂದು ಕೇಳಲು ಸಂಕೋಚ ಬೇಡ.

ಮನಸ್ಸಿಗೆ ಒಗ್ಗದಿರುವುದು ವೈದ್ಯರು ಬದಿಗೆ ಸರಿಸಬಹುದಾದ ಸಂಗತಿಯಲ್ಲ, ಅದೂ ಬೇರೆ ಎರಡು ದಾರಿಗಳು ತೆರೆದಿರುವಾಗ. ಸ್ವಂತ ರಕ್ತದ ವಿಧಾನದಲ್ಲಿ ಹೊರಗಿನದೇನೂ ತಮ್ಮ ಕಣ್ಣನ್ನು ಸೇರುವುದಿಲ್ಲ. ಹೊಲಿಗೆಯ ವಿಕ್ರಿಲ್ ಮತ್ತು ನೈಲಾನ್ ಎರಡೂ ಕೃತಕ ದಾರಗಳು.

ಪ್ರಶ್ನೆ: ನಮ್ಮ ತಾಯಿಗೆ 68 ವರ್ಷ, ಊರು ಚಿತ್ರದುರ್ಗ. ಹೃದಯಕ್ಕೆ ಸ್ಟೆಂಟ್ ಹಾಕಿ ವರ್ಷವಾಗಿಲ್ಲ, ರಕ್ತ ತೆಳುವಾಗುವ ಎರಡು ಮಾತ್ರೆಗಳನ್ನು ತೆಗೆದುಕೊಳ್ಳುತ್ತಾರೆ. ಕಣ್ಣಿನ ಮಾಂಸವನ್ನು ಸ್ವಂತ ರಕ್ತದ ವಿಧಾನದಿಂದ ಮಾಡುತ್ತೇವೆ, ಒಂದು ವಾರ ಮಾತ್ರೆ ನಿಲ್ಲಿಸಿ ಬನ್ನಿ ಎಂದು ಹೇಳಿದ್ದಾರೆ. ನಿಲ್ಲಿಸಬಹುದೇ ಡಾಕ್ಟರ್?

ಉತ್ತರ: ಹೃದ್ರೋಗ ತಜ್ಞರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ. ಸ್ಟೆಂಟ್ ಹಾಕಿದ ಮೊದಲ ವರ್ಷದಲ್ಲಿ ಆ ಮಾತ್ರೆಗಳನ್ನು ತಪ್ಪಿಸಿದರೆ ಸ್ಟೆಂಟಿನೊಳಗೆ ರಕ್ತ ಹೆಪ್ಪುಗಟ್ಟಿ ಪ್ರಾಣಕ್ಕೇ ಸಂಚಕಾರ ಬರಬಹುದು. ಕಣ್ಣಿನ ದುರ್ಮಾಂಸವಾದರೋ ಸಾಮಾನ್ಯವಾಗಿ ಕೆಲವು ತಿಂಗಳು ಕಾಯಬಲ್ಲ ತೊಂದರೆ. ದೃಷ್ಟಿಯ ನಡುಭಾಗಕ್ಕೆ ಅದು ಬಂದಿಲ್ಲವಾದರೆ ಹೃದ್ರೋಗ ತಜ್ಞರು ಮಾತ್ರೆ ಕಡಿಮೆ ಮಾಡುವವರೆಗೆ ಶಸ್ತ್ರಚಿಕಿತ್ಸೆಯನ್ನೇ ಮುಂದೂಡುವುದು ಸರಳವಾದ ಉಪಾಯ.

ಈಗಲೇ ಮಾಡಬೇಕೆಂದಾದರೆ, ಇಂಥವರಿಗೆ ಸ್ವಂತ ರಕ್ತದ ವಿಧಾನ ನನ್ನ ಮೊದಲ ಆಯ್ಕೆಯಲ್ಲ. ಆ ವಿಧಾನ ನಿಂತಿರುವುದೇ ರೋಗಿಯ ರಕ್ತ ಸಕಾಲದಲ್ಲಿ ಹೆಪ್ಪುಗಟ್ಟುವುದರ ಮೇಲೆ. ನಿಮ್ಮ ತಾಯಿಯವರ ಮಾತ್ರೆಗಳು ಅದನ್ನೇ ತಡೆಯುತ್ತವೆ, ರಕ್ತ ಒಸರುತ್ತಲೇ ಇದ್ದು ಕಸಿಯ ಅಡಿಯಲ್ಲಿ ನಿಂತರೆ ಕಸಿ ಹಾಸಿನಿಂದ ಎದ್ದುಬಿಡುತ್ತದೆ. ಫೈಬ್ರಿನ್ ಅಂಟಿನ ಸಂದರ್ಭದಲ್ಲಿ ಹೆಪ್ಪುಗಟ್ಟಲು ಬೇಕಾದ ಎರಡೂ ಪದಾರ್ಥಗಳು ಹೊರಗಿನಿಂದಲೇ ಬರುವುದರಿಂದ ಅದು ರೋಗಿಯ ರಕ್ತವನ್ನು ಅಷ್ಟಾಗಿ ನೆಚ್ಚುವುದಿಲ್ಲ. ಹೊಲಿಗೆಯೂ ಸರಿಯೇ. ಮಾತ್ರೆ ನಿಲ್ಲಿಸದೆಯೇ, ಒಸರುವ ಜಾಗಗಳನ್ನು ಹದವಾಗಿ ಸುಟ್ಟು, ಅಂಟನ್ನೋ ಹೊಲಿಗೆಯನ್ನೋ ಬಳಸಿ ಈ ಶಸ್ತ್ರಚಿಕಿತ್ಸೆ ಮಾಡಲು ಸಾಧ್ಯವಿದೆ. ಕೆಂಪು ಮಾತ್ರ ಕೆಲವು ದಿನ ಹೆಚ್ಚಾಗಿ ಕಾಣಬಹುದು. ರಕ್ತ ತೆಳುವಾಗಿಸುವ ಇನ್ನೊಂದು ಮಾತ್ರೆಯಾದ ವಾರ್ಫರಿನ್ ತೆಗೆದುಕೊಳ್ಳುವವರಿಗೂ ಇದೇ ಮಾತು, ಜೊತೆಗೆ ರಕ್ತ ಹೆಪ್ಪುಗಟ್ಟುವ ವೇಗವನ್ನು ತಿಳಿಸುವ ಐಎನ್‌ಆರ್ ಪರೀಕ್ಷೆಯ ಫಲಿತಾಂಶ ಕೈಯಲ್ಲಿರಬೇಕು.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಆಟೋ ಓಡಿಸುತ್ತೇನೆ. ಹೋದ ತಿಂಗಳು ರಕ್ತದ ವಿಧಾನದಿಂದ ಕಸಿ ಮಾಡಿದರು. ಪಟ್ಟಿ ತೆಗೆದ ರಾತ್ರಿ ನಿದ್ದೆಗಣ್ಣಲ್ಲಿ ಉಜ್ಜಿಬಿಟ್ಟೆ. ಬೆಳಿಗ್ಗೆ ಕನ್ನಡಿಯಲ್ಲಿ ನೋಡಿದರೆ ಕಸಿ ಪಕ್ಕಕ್ಕೆ ಸರಿದು ಬಿಳಿ ಜಾಗ ಕಾಣುತ್ತಿತ್ತು. ಫೋನ್ ಮಾಡಿದರೆ ನಾಲ್ಕು ದಿನ ಬಿಟ್ಟು ಬನ್ನಿ ಎಂದರು. ಹೋದಾಗ, ಈಗೇನೂ ಮಾಡಲಾಗದು, ಹಾಗೆಯೇ ಬಿಡೋಣ ಎಂದರು. ಮುಂದೇನು?

ಉತ್ತರ: ಅಂದೇ ಬರಲು ಹೇಳಬೇಕಾಗಿತ್ತು. ಕಸಿ ಸರಿದ ಒಂದೆರಡು ದಿನಗಳೊಳಗೆ ನೋಡಿದರೆ, ಅದು ಇನ್ನೂ ಜೀವಂತವಾಗಿದ್ದರೆ, ಹರಡಿ ಸ್ವಸ್ಥಾನಕ್ಕೆ ತಂದು ಎರಡು ಮೂರು ಹೊಲಿಗೆಗಳಿಂದಲೋ ಅಂಟಿನಿಂದಲೋ ಮತ್ತೆ ಕೂರಿಸಬಹುದು. ತಡವಾದರೆ ಅದು ಸುರುಟಿಕೊಂಡು ಕುಗ್ಗುತ್ತದೆ. ಓದುಗರೆಲ್ಲರೂ ಇದೊಂದನ್ನು ನೆನಪಿಟ್ಟುಕೊಳ್ಳಬೇಕು: ಹೊಲಿಗೆಯಿಲ್ಲದ ಕಸಿಯಲ್ಲಿ ಮೊದಲ ಎರಡು ಮೂರು ದಿನ, ವಿಶೇಷವಾಗಿ ರಾತ್ರಿ, ಪ್ಲಾಸ್ಟಿಕ್ಕಿನ ಗಟ್ಟಿ ಕವಚ ಕಟ್ಟಿಕೊಂಡೇ ಮಲಗಬೇಕು.

ಈಗಿನ ಸ್ಥಿತಿಯಲ್ಲಿ ಗಾಬರಿಯಾಗಬೇಡಿ. ಬರಿದಾದ ಜಾಗ ಚಿಕ್ಕದಾಗಿದ್ದರೆ ಅಕ್ಕಪಕ್ಕದ ಪದರವೇ ಬೆಳೆದು ಅದನ್ನು ಮುಚ್ಚುತ್ತದೆ. ಆದರೆ ನಿಮ್ಮಲ್ಲಿ ಮಾಂಸ ಮರುಕಳಿಸುವ ಸಾಧ್ಯತೆ ಇತರರಿಗಿಂತ ಹೆಚ್ಚು ಎಂದೇ ತಿಳಿದು ನಡೆಯಬೇಕು. ಮರುಕಳಿಸುವ ದುರ್ಮಾಂಸದಲ್ಲಿ ಅರ್ಧದಷ್ಟು ಮೊದಲ ನಾಲ್ಕು ತಿಂಗಳಲ್ಲಿ, ಉಳಿದದ್ದರಲ್ಲಿ ಬಹುಪಾಲು ಒಂದು ವರ್ಷದೊಳಗೇ ಕಾಣಿಸಿಕೊಳ್ಳುತ್ತದೆ. ವರ್ಷ ದಾಟಿದರೆ ಭಯ ಬಹಳ ಕಡಿಮೆ. ಆದ್ದರಿಂದ ಈ ವರ್ಷ ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ತೋರಿಸಿಕೊಳ್ಳಿ. ಸ್ಟೀರಾಯ್ಡ್ ಹನಿಗಳನ್ನು ವೈದ್ಯರು ಹೇಳಿದ ಕ್ರಮದಲ್ಲಿ ಇಳಿಸುತ್ತ ಬನ್ನಿ, ಔಷಧದ ಅಂಗಡಿಯಿಂದ ನೀವೇ ತಂದು ಮುಂದುವರಿಸಬೇಡಿ. ಹಾಗೆ ಮಾಡಿದರೆ ಕಣ್ಣಿನ ಒತ್ತಡ ಸದ್ದಿಲ್ಲದೆ ಏರಿ ನರಕ್ಕೆ ಹಾನಿಯಾಗಬಹುದು. ಆಟೋದಲ್ಲಿ ಎರಡೂ ಕಡೆಯಿಂದ ಗಾಳಿ, ದೂಳು, ಬಿಸಿಲು ಹೊಡೆಯುವುದರಿಂದ ಪಕ್ಕವೂ ಮುಚ್ಚುವ, ಅತಿನೇರಳೆ ಕಿರಣ ತಡೆಯುವ ಕನ್ನಡಕ ನಿಮಗೆ ಬೇಕೇಬೇಕು.

ಪ್ರಶ್ನೆ: ನನಗೆ ಗ್ಲಾಕೋಮಾ ಇದೆ, ಹನಿ ಹಾಕುತ್ತಿದ್ದೇನೆ. ಮಾಂಸ ತೆಗೆದು ಕಸಿ ಹಾಕುವಾಗ ಮೇಲಿನಿಂದ ಬೇಡ, ಕೆಳಗಿನಿಂದ ತೆಗೆಯುತ್ತೇವೆ ಎಂದರು. ಏನಾದರೂ ತೊಂದರೆಯೇ? (ಮಂಡ್ಯದ ಓದುಗರೊಬ್ಬರು)

ಉತ್ತರ: ತೊಂದರೆಯಿಲ್ಲ, ಅವರು ಮುಂದಾಲೋಚನೆಯಿಂದಲೇ ಹೇಳಿದ್ದಾರೆ. ಮುಂದೆ ನಿಮಗೆ ಗ್ಲಾಕೋಮಾದ, ಅಂದರೆ ಸಾಮಾನ್ಯವಾಗಿ ಕಣ್ಣಿನ ಒತ್ತಡ ಏರಿ ನರಕ್ಕೆ ಹಾನಿಯಾಗುವ ರೋಗದ, ಶಸ್ತ್ರಚಿಕಿತ್ಸೆ ಬೇಕಾದರೆ ಅದಕ್ಕೆ ಮೇಲ್ಭಾಗದ ಪದರ ಕಲೆಯಿಲ್ಲದೆ ಉಳಿದಿರಬೇಕು. ಕೆಳಗಿನ ಭಾಗದಲ್ಲಿ ಜಾಗ ಕಡಿಮೆಯಿರುವುದರಿಂದ ಕಸಿ ಸ್ವಲ್ಪ ಚಿಕ್ಕದಾಗಬಹುದು. ಅದನ್ನು ನಿಲ್ಲಿಸುವುದಕ್ಕೆ ಮೂರು ವಿಧಾನಗಳಲ್ಲಿ ಯಾವುದಾದರೂ ಆದೀತು. ಸ್ಟೀರಾಯ್ಡ್ ಹನಿಗಳಿಂದ ನಿಮ್ಮ ಕಣ್ಣಿನ ಒತ್ತಡ ಏರುವ ಸಾಧ್ಯತೆ ಬೇರೆಯವರಿಗಿಂತ ಹೆಚ್ಚಾದ್ದರಿಂದ, ಶಸ್ತ್ರಚಿಕಿತ್ಸೆಯ ಅನಂತರದ ವಾರಗಳಲ್ಲಿ ಅದನ್ನು ಅಳೆಯಿಸುತ್ತಿರಿ.

ಪ್ರಶ್ನೆ: ನನ್ನ ತಂದೆಗೆ ಬಹಳ ವರ್ಷಗಳ ಹಿಂದೆ ಕಸಿಯಿಲ್ಲದೆ ಬರೀ ಮಾಂಸ ಕತ್ತರಿಸಿ ತೆಗೆದಿದ್ದರು. ಅದೀಗ ದಪ್ಪವಾಗಿ ಮತ್ತೆ ಬೆಳೆದಿದೆ, ಕಣ್ಣು ಹೊರಗಡೆಗೆ ತಿರುಗಿಸಿದರೆ ಎಳೆದಂತಾಗುತ್ತದೆ. ಈ ಸಲ ಗ್ಲೂ ಹಾಕಿಸಿದರೆ ಮತ್ತೆ ಬರುವುದಿಲ್ಲವೇ? (ಕಲಬುರಗಿಯಿಂದ)

ಉತ್ತರ: ಮತ್ತೆ ಬರುವುದಿಲ್ಲ ಎಂಬ ಭರವಸೆಯನ್ನು ಅಂಟು ಕೊಡಲಾರದು. ತಂದೆಯವರದು ಮರುಕಳಿಸಿದ ದುರ್ಮಾಂಸ. ಅದು ಅಡಿಯ ಬಿಳಿಗುಡ್ಡೆಗೂ, ಕೆಲವೊಮ್ಮೆ ಕಣ್ಣನ್ನು ತಿರುಗಿಸುವ ಸ್ನಾಯುವಿನ ಹೊದಿಕೆಗೂ ಕಲೆಯಿಂದ ಅಂಟಿಕೊಂಡಿರುತ್ತದೆ, ಎಳೆತ ಬರುವುದು ಅದರಿಂದಲೇ. ಅದನ್ನು ಬಿಡಿಸುವುದು ಮೊದಲ ಸಲಕ್ಕಿಂತ ಬಹಳ ಕಷ್ಟದ ಕೆಲಸವಾದ್ದರಿಂದ ಕಾರ್ನಿಯಾ (ಕಪ್ಪುಗುಡ್ಡೆ) ತಜ್ಞರಿಂದಲೇ ಮಾಡಿಸಿ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಕಾಂಡಕೋಶಗಳ ಪಟ್ಟಿಯನ್ನೂ ಸೇರಿಸಿ ಕಸಿ ತೆಗೆಯುವುದುಂಟು. ಮೈಟೊಮೈಸಿನ್ ಎಂಬ ಔಷಧವನ್ನು ಶೇಕಡಾ 0.02ರ ಸಾಂದ್ರತೆಯಲ್ಲಿ ಕೆಲವು ನಿಮಿಷ ಆ ಜಾಗಕ್ಕೆ ತಾಗಿಸಿ ತೊಳೆಯುವುದೂ ಉಂಟು. ಅದು ಮರುಕಳಿಕೆಯನ್ನು ತಗ್ಗಿಸುತ್ತದೆ, ಆದರೆ ವರ್ಷಗಳ ಬಳಿಕವೂ ಬಿಳಿಗುಡ್ಡೆ ತೆಳುವಾಗಿ ಕರಗುವ ಅಪಾಯ ಅದರ ಬೆನ್ನಿಗಿದೆ. ಅಂಥ ಔಷಧ ತಾಗಿದ ಬಿಳಿಗುಡ್ಡೆಯನ್ನು ಬರಿದಾಗಿ ಬಿಡಬಾರದು, ಕಸಿಯಿಂದ ಪೂರ್ತಿ ಮುಚ್ಚಬೇಕು.

ಮೇಲ್ಭಾಗದ ಪದರ ಸಾಲದಿದ್ದರೆ, ದಾನವಾಗಿ ಬಂದ ಗರ್ಭಚೀಲದ ತೆಳು ಪಟಲವನ್ನು ಬಳಸುವ ದಾರಿಯಿದೆ. ಆದರೆ ಮರುಕಳಿಕೆಯನ್ನು ತಡೆಯುವುದರಲ್ಲಿ ಅದು ಸ್ವಂತ ಕಸಿಗೆ ಸಮನಲ್ಲ. ಕಸಿ ನಿಲ್ಲಿಸುವ ಪ್ರಶ್ನೆಯಲ್ಲಿ, ಇಂಥ ಕಣ್ಣಿಗೆ ಬರೀ ರಕ್ತವನ್ನು ನಂಬುವುದು ನನಗೆ ಒಪ್ಪಿಗೆಯಿಲ್ಲ. ಹಾಸು ಸಮತಟ್ಟಾಗಿರುವುದಿಲ್ಲ, ರಕ್ತ ಹೆಚ್ಚು ಒಸರುತ್ತದೆ, ಕಸಿಯೂ ದೊಡ್ಡದಿರುತ್ತದೆ. ಅಂಟಿನ ಜೊತೆಗೆ ಮೂಲೆಗಳಲ್ಲಿ ನಾಲ್ಕು ಹೊಲಿಗೆ ಹಾಕಿ ಭದ್ರಪಡಿಸುವ ವೈದ್ಯರು ಅತಿ ಮಾಡುತ್ತಿದ್ದಾರೆಂದು ತಿಳಿಯಬೇಡಿ.

ಪ್ರಶ್ನೆ: ಕಣ್ಣಿನ ಪೊರೆಯೂ ಇದೆ, ಮಾಂಸವೂ ಇದೆ. ಎರಡನ್ನೂ ಒಟ್ಟಿಗೆ ಮಾಡಿಸಬಹುದೇ? ಹೊಲಿಗೆ ಹಾಕಿದರೆ ಲೆನ್ಸಿನ ಪವರ್ ತಪ್ಪುತ್ತದೆಯೇ? (ಶಿವಮೊಗ್ಗದಿಂದ)

ಉತ್ತರ: ಮಾಂಸ ಚಿಕ್ಕದಾಗಿದ್ದರೆ ಒಟ್ಟಿಗೆ ಮಾಡಿಸಬಹುದು. ಕಪ್ಪುಗುಡ್ಡೆಯ ಮೇಲೆ ದೂರ ಬಂದ ಮಾಂಸ ಅದರ ಬಾಗನ್ನೇ ಒಂದು ಕಡೆ ಚಪ್ಪಟೆಯಾಗಿಸಿ ಸಿಲಿಂಡರ್ ಪವರ್ ಉಂಟುಮಾಡುತ್ತದೆ, ಅದನ್ನು ತೆಗೆದ ಮೇಲೆ ಬಾಗು ಬದಲಾಗುತ್ತದೆ. ಹಾಗಿದ್ದಲ್ಲಿ ಮೊದಲು ಮಾಂಸ ತೆಗೆಸಿ, ಅಳತೆ ಸ್ಥಿರವಾಗಲು ಒಂದರಿಂದ ಮೂರು ತಿಂಗಳು ಬಿಟ್ಟು, ಹೊಸದಾಗಿ ಅಳೆಯಿಸಿ ಪೊರೆಯ ಶಸ್ತ್ರಚಿಕಿತ್ಸೆಗೆ ಹೋಗುವುದು ಲೇಸು. ಬಿಗಿಯಾದ ಹೊಲಿಗೆಯೂ ತಾತ್ಕಾಲಿಕವಾಗಿ ಬಾಗನ್ನು ತುಸು ಬದಲಿಸಬಹುದು; ಅದು ಕರಗಿದ ಅಥವಾ ಬಿಚ್ಚಿದ ಮೇಲೆಯೇ ಅಳತೆ ಮಾಡಿಸಿ.

ಪ್ರಶ್ನೆ: ಮಸ್ಕತ್‌ನಲ್ಲಿ ಕಟ್ಟಡ ಕೆಲಸದ ಮೇಲ್ವಿಚಾರಕನಾಗಿದ್ದೇನೆ, ಊರು ಭಟ್ಕಳ. ರಜೆಗೆ ಬಂದಾಗ ಮಾಂಸ ತೆಗೆಸಿ ಹೋಗೋಣವೆಂದಿದ್ದೇನೆ. ನನಗಿರುವುದು ಮೂರು ವಾರದ ರಜೆ. ಯಾವ ವಿಧಾನ ಅನುಕೂಲ?

ಉತ್ತರ: ಮೂರು ವಾರ ಸಾಕಾಗುತ್ತದೆ, ಆದರೆ ಊರಿಗೆ ಬಂದ ಮೊದಲ ವಾರದಲ್ಲಿಯೇ ಮಾಡಿಸಿಕೊಳ್ಳಬೇಕು; ಮದುವೆ ಮುಂಜಿ ಎಲ್ಲ ಮುಗಿಸಿ ಕೊನೆಯ ವಾರಕ್ಕೆ ಇಟ್ಟುಕೊಂಡರೆ ಆಗದು. ನಿಮ್ಮಂಥವರಿಗೆ ಅಂಟು ಹೆಚ್ಚು ಹೊಂದುತ್ತದೆ, ಏಕೆಂದರೆ ಚುಚ್ಚುವಿಕೆ ಬೇಗ ಕಡಿಮೆಯಾಗುತ್ತದೆ, ಹೊರಡುವ ಹೊತ್ತಿಗೆ ಬಿಚ್ಚಬೇಕಾದದ್ದೇನೂ ಉಳಿಯುವುದಿಲ್ಲ. ಹೊಲಿಗೆಯೇ ಆದರೆ ಕರಗುವ ದಾರ ಬಳಸಲು ಕೇಳಿಕೊಳ್ಳಿ. ಕಸಿ ಊದಿ, ಕೆಂಪಾಗಿ ಕಾಣುವುದು ಮೊದಲ ಕೆಲವು ವಾರ ಸಹಜ, ಅದನ್ನು ನೋಡಿ ಹೆದರಬೇಡಿ.

ದುರ್ಮಾಂಸಕ್ಕೆ ಅತಿನೇರಳೆ ಕಿರಣಗಳೇ ಮುಖ್ಯ ಕಾರಣವೆಂದು ತಿಳಿದಿದೆ. ಸಮಭಾಜಕದಿಂದ ಉತ್ತರಕ್ಕೂ ದಕ್ಷಿಣಕ್ಕೂ ಸುಮಾರು 37 ಡಿಗ್ರಿಗಳವರೆಗಿನ ಪಟ್ಟಿಯಲ್ಲಿ ಇದು ಹೆಚ್ಚು, ಕರ್ನಾಟಕವೂ ಒಮಾನ್ ದೇಶವೂ ಅದರೊಳಗೇ ಬರುತ್ತವೆ. ಕೆಲಸದ ಸ್ಥಳಕ್ಕೆ ಮರಳಿದ ಮೇಲೆ ಹೆಲ್ಮೆಟ್ಟಿನ ಜೊತೆಗೆ ಪಕ್ಕ ಮುಚ್ಚುವ ಬಿಸಿಲಿನ ಕನ್ನಡಕವನ್ನೂ ಧರಿಸಿ. ಶಸ್ತ್ರಚಿಕಿತ್ಸೆಯ ವಿವರವಿರುವ ಡಿಸ್ಚಾರ್ಜ್ ಪತ್ರ, ಹನಿಗಳನ್ನು ಯಾವ ವಾರ ಎಷ್ಟು ಸಲ ಹಾಕಬೇಕೆಂಬ ಚೀಟಿ, ಕಸಿಯನ್ನು ಯಾವುದರಿಂದ ನಿಲ್ಲಿಸಿದರು ಎಂಬ ಬರಹ, ಈ ಮೂರನ್ನೂ ಜೊತೆಯಲ್ಲಿಟ್ಟುಕೊಂಡು, ಆರನೆಯ ವಾರದ ಹೊತ್ತಿಗೆ ಅಲ್ಲಿಯೇ ಒಬ್ಬ ನೇತ್ರವೈದ್ಯರಿಗೆ ತೋರಿಸಿ ಕಣ್ಣಿನ ಒತ್ತಡವನ್ನೂ ಅಳೆಯಿಸಿಕೊಳ್ಳಿ.